ಮಾತಿಗಿಂತ ಮುಂಚೆ ಬೆರಳು

ಹೋದ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಟ್ರಂಕಿನ ತಳದಲ್ಲಿ ಒಂದು ಪೆನ್‌ಡ್ರೈವ್ ಸಿಕ್ಕಿತು. ಸ್ಟುಡಿಯೋದವರು ಅಂಟಿಸಿದ ಬಿಳಿ ಚೀಟಿ ಇನ್ನೂ ಹಾಗೇ ಇತ್ತು. ‘ಚಿನ್ನು ಬರ್ತ್‌ಡೇ’ ಅಂತ ನೀಲಿ ಪೆನ್ನಲ್ಲಿ ಬರೆದಿದ್ದರು. ಚಿನ್ನು ನನ್ನ ತಂಗಿಯ ಮಗ. ಮನೆಯಲ್ಲಿ ಕರೆಯುವ ಹೆಸರು ಇದು, ಇಲ್ಲಿಗೆ ಅಷ್ಟು ಸಾಕು. ಅವನಿಗೆ 1 ವರ್ಷ ತುಂಬಿದ್ದು 2020ರ ಜನವರಿ ಕೊನೆಗೆ. ಗವಿಮಠದ ತೇರು ಎಳೆದಾಗಿತ್ತು, ಆದರೆ ಜಾತ್ರೆಯ ಗದ್ದಲ ಕೊಪ್ಪಳದಲ್ಲಿ ಇನ್ನೂ ಇಳಿದಿರಲಿಲ್ಲ. ಬಳಗದವರೆಲ್ಲ ಊರಲ್ಲೇ ಇದ್ದರು. ಹೇಗೂ ಎಲ್ಲರೂ ಬಂದಿದ್ದಾರಲ್ಲ ಅಂತ ಹುಟ್ಟುಹಬ್ಬವನ್ನು ಜೋರಾಗಿಯೇ ಮಾಡಿದ್ದೆವು.

ಆ ವಿಡಿಯೊವನ್ನು ಎರಡು ದಿನ ಕೈಯಲ್ಲಿ ಹಿಡಿದುಕೊಂಡೇ ಇದ್ದೆ, ಹಾಕಿ ನೋಡಲು ಧೈರ್ಯ ಬರಲಿಲ್ಲ. ಕಾರಣ ಇತ್ತು. ಚಿನ್ನುಗೆ ಆಟಿಸಂ ಇದೆ ಅಂತ ನಮಗೆ ಗೊತ್ತಾಗಿದ್ದು ಅವನಿಗೆ 3 ವರ್ಷ ದಾಟಿದ ಮೇಲೆ. ಆಟಿಸಂ ಅಂದರೆ ಮಿದುಳು ಬೇರೆ ಥರ ಬೆಳೆದು, ಮಂದಿಯ ಜೊತೆ ಬೆರೆಯುವುದು, ಮಾತಾಡುವುದು ಬೇರೆ ರೀತಿಯಾಗುವ ಸ್ಥಿತಿ. ಆಮೇಲೆ ನಾನು ರಾತ್ರಿ ಊಟ ಮುಗಿಸಿ, ಫೋನ್ ಹಿಡಿದುಕೊಂಡು, ಗೊತ್ತಿಲ್ಲದ ಇಂಗ್ಲಿಷ್ ಪದಗಳನ್ನು ಒಂದೊಂದೇ ಹುಡುಕುತ್ತ ಓದಲು ಶುರು ಮಾಡಿದ್ದೆ. ಹಾಗೆ ಓದುವಾಗ ಒಂದು ಹೆಸರು ಮತ್ತೆ ಮತ್ತೆ ಎದುರಾಗುತ್ತಿತ್ತು, ಜೆರಾಲ್ಡಿನ್ ಡಾಸನ್. ಅಮೆರಿಕದ ಮನಶ್ಶಾಸ್ತ್ರಜ್ಞೆ. ಮೊದಲು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದರು, ಆಮೇಲೆ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಹೋದರು. ಚಿಕ್ಕ ಮಕ್ಕಳಲ್ಲಿ ಆಟಿಸಂ ಎಷ್ಟು ಬೇಗ ಕಾಣಿಸುತ್ತದೆ, ಕಂಡ ಮೇಲೆ ಏನು ಮಾಡಬಹುದು ಅನ್ನುವುದರ ಮೇಲೆಯೇ ಅವರ ಬಹುಪಾಲು ಕೆಲಸ. ಅವರೂ ಜೂಲಿ ಆಸ್ಟರ್‌ಲಿಂಗ್ ಅನ್ನುವವರೂ ಸೇರಿ 1994ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದು ಇಂಥದೇ ವಿಡಿಯೊಗಳ ಬಗ್ಗೆ, ಮಕ್ಕಳ ಮೊದಲ ಹುಟ್ಟುಹಬ್ಬದ ವಿಡಿಯೊಗಳ ಬಗ್ಗೆ.

ಎಷ್ಟು ಸರಳವಾದ ಯೋಚನೆ ನೋಡಿ. ಆ ಕಾಲಕ್ಕೆ ಆಟಿಸಂ ಗೊತ್ತಾಗುತ್ತಿದ್ದದ್ದೇ ಮೂರು, ನಾಲ್ಕು ವರ್ಷಕ್ಕೆ. ಅಷ್ಟರಲ್ಲಿ ಮಗುವಿನ ಮೊದಲ ವರ್ಷ ಕಳೆದೇ ಹೋಗಿರುತ್ತದೆ. ತಾಯಿಯನ್ನು ಕೇಳಿದರೆ ಅರ್ಧ ನೆನಪು, ಅರ್ಧ ಈಗಿನ ದುಃಖ ಸೇರಿಕೊಂಡು ಬರುತ್ತದೆ. ಆದರೆ ಅಮೆರಿಕದ ಮನೆಗಳಲ್ಲಿ ವಿಡಿಯೊ ಕ್ಯಾಮೆರಾ ಬಂದಿತ್ತು. ಮೊದಲ ಹುಟ್ಟುಹಬ್ಬವನ್ನು ಎಲ್ಲರೂ ತೆಗೆದಿಟ್ಟಿರುತ್ತಾರೆ. ಎಲ್ಲ ಮಕ್ಕಳಿಗೂ ಅದೇ ವಯಸ್ಸು, ಹೆಚ್ಚುಕಡಿಮೆ ಅದೇ ಕೇಕು, ಅದೇ ಗದ್ದಲ. ಇವರು ಮುಂದೆ ಆಟಿಸಂ ಇದೆ ಅಂತ ಗೊತ್ತಾದ 11 ಮಕ್ಕಳ ವಿಡಿಯೊ ತಂದರು, ಆಟಿಸಂ ಇಲ್ಲದ 11 ಮಕ್ಕಳ ವಿಡಿಯೊವನ್ನೂ ತಂದರು. ಯಾವ ಮಗು ಯಾವ ಗುಂಪಿನದು ಅಂತ ಹೇಳದೆ ಬೇರೆಯವರನ್ನು ಕೂರಿಸಿ, ಒಂದೊಂದು ನಡವಳಿಕೆಯನ್ನೂ ಎಣಿಸಿದರು.

ನಾಲ್ಕು ವಿಷಯಗಳಲ್ಲಿ ವ್ಯತ್ಯಾಸ ಕಂಡಿತು. ಮಗು ಬೇರೆಯವರ ಮುಖ ನೋಡುವುದು. ಕೈಯಲ್ಲಿದ್ದದ್ದನ್ನು ಎತ್ತಿ ಇನ್ನೊಬ್ಬರಿಗೆ ತೋರಿಸುವುದು. ಬೆರಳು ಚಾಚಿ ತೋರಿಸುವುದು. ಹೆಸರು ಕರೆದರೆ ತಿರುಗುವುದು. ಈ ನಾಲ್ಕರಿಂದಲೇ 11ರಲ್ಲಿ 10 ಆಟಿಸಂ ಮಕ್ಕಳನ್ನೂ, 11ರಲ್ಲಿ 10 ಉಳಿದ ಮಕ್ಕಳನ್ನೂ ಸರಿಯಾಗಿ ಗುರುತಿಸಲು ಬಂತು. ನಾಲ್ಕರಲ್ಲಿ ಜಾಸ್ತಿ ಸುಳಿವು ಕೊಟ್ಟದ್ದು ಮೊದಲನೆಯದು, ಮುಖ ನೋಡುವುದು.

ಇದರಲ್ಲಿ ಮಾತು ಎಲ್ಲೂ ಇಲ್ಲ, ಗಮನಿಸಿದಿರಾ? ನಾವು ಮೂರು ವರ್ಷ ಕಾದಿದ್ದು ಮಾತಿಗೆ.

ಮೂರನೇ ದಿನ ರಾತ್ರಿ ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಹಾಕಿದೆ. ಪಕ್ಕದಲ್ಲಿ ಒಂದು ಶಾಲೆಯ ನೋಟ್‌ಬುಕ್ ಇಟ್ಟುಕೊಂಡೆ. ವಿಡಿಯೊ ಮೊದಲಿಗೆ ಸ್ಟುಡಿಯೋದವರ ಹೂವಿನ ಚಿತ್ರ, ಹಾರುವ ಹೃದಯ, ಹಾಡು. ಆಮೇಲೆ ನಮ್ಮ ಪಡಸಾಲೆ. ಬಲೂನು ಕಟ್ಟಿದ್ದೇವೆ. ಫ್ಯಾನಿನಿಂದ ನಾಲ್ಕು ಮೂಲೆಗೂ ಬಣ್ಣದ ಕಾಗದದ ಸರ ಎಳೆದಿದ್ದೇವೆ. ಒಂದು ಸರ ಕಿತ್ತುಬಂದು ಗಾಳಿಗೆ ತೂಗಾಡುತ್ತಿದೆ. ತಂಗಿ ಹಸಿರು ಇಳಕಲ್ ಸೀರೆ ಉಟ್ಟಿದ್ದಾಳೆ, ತೊಡೆಯ ಮೇಲೆ ಚಿನ್ನು. ಅವನಿಗೆ ಜರಿ ಟೋಪಿ. ಏನು ಚಂದ ಕಾಣುತ್ತಿದ್ದ!

ನಾಲ್ಕನೇ ನಿಮಿಷದಲ್ಲಿ ಕೇಕ್ ಬರುತ್ತದೆ. ಎಲ್ಲರೂ ಒಟ್ಟಿಗೆ ಕರೆಯುತ್ತಾರೆ. “ಚಿನ್ನೂ, ಇಲ್ಲಿ ನೋಡೋ! ಚಿನ್ನೂ, ದೊಡ್ಡವ್ವನ ಕಡೆ ನೋಡು!” ಆ ದನಿ ನನ್ನದೇ. ಅವನು ನೋಡುವುದಿಲ್ಲ. ಅಳುತ್ತಿಲ್ಲ, ಸಿಡುಕುತ್ತಿಲ್ಲ. ಖುಷಿಯಾಗಿಯೇ ಇದ್ದಾನೆ. ತಲೆ ಎತ್ತಿ ಆ ತೂಗಾಡುವ ಕಾಗದದ ಸರ ನೋಡುತ್ತಿದ್ದಾನೆ. ಯಾರೋ ಗಿಲಕಿ ಆಡಿಸುತ್ತಾರೆ, ಅದಕ್ಕೆ ಫಟ್ ಅಂತ ತಿರುಗುತ್ತಾನೆ. ಅವರಪ್ಪ “ನೋಡ್ರಿ, ಕಿವಿ ಎಷ್ಟು ಚುರುಕ ಐತಿ” ಅನ್ನುತ್ತಾನೆ. ಎಲ್ಲರೂ ನಗುತ್ತಾರೆ. ಮತ್ತೆ ಹೆಸರು ಕರೆಯುತ್ತಾರೆ. ಅವನು ಮತ್ತೆ ಮೇಲೆ ನೋಡುತ್ತಾನೆ.

ನಾನು ಗೀಟು ಹಾಕುತ್ತ ಹೋದೆ. ಒಟ್ಟು 19 ಸಲ ಹೆಸರು ಕರೆದಿದ್ದೇವೆ. ಅವನು ತಿರುಗಿದ್ದು 2 ಸಲ. ಎರಡರಲ್ಲಿ ಒಂದು ಸಲ ಅವನ ಹೆಸರಿನ ಜೊತೆಗೆ ಚಪ್ಪಾಳೆಯೂ ಇತ್ತು. ಬೆರಳು ತೋರಿಸಿದ್ದು ಒಮ್ಮೆಯೂ ಇಲ್ಲ. ಅದೇ ವಿಡಿಯೊದಲ್ಲಿ ಪಕ್ಕದ ಮನೆಯವರ ಮಗು ಇದೆ, ಅವನಿಗಿಂತ ಒಂದು ತಿಂಗಳು ಚಿಕ್ಕದು. ಅದು ಬಲೂನಿಗೆ ಬೆರಳು ಚಾಚುತ್ತದೆ, ತಿರುಗಿ ಅವರವ್ವನ ಮುಖ ನೋಡುತ್ತದೆ, ಮತ್ತೆ ಬಲೂನು ನೋಡುತ್ತದೆ. ಮೂರು ಸೆಕೆಂಡಿನ ಕೆಲಸ. ಆ ಮೂರು ಸೆಕೆಂಡನ್ನು ಅವತ್ತು ರಾತ್ರಿ ಎಷ್ಟು ಸಲ ಹಿಂದೆ ಮುಂದೆ ಮಾಡಿ ನೋಡಿದೆನೋ ಗೊತ್ತಿಲ್ಲ.

ಮನೆಯಲ್ಲಿ ಹೀಗೆ ಗೀಟು ಹಾಕಿ ಯಾರೂ ಮಗುವಿಗೆ ಆಟಿಸಂ ಇದೆ, ಇಲ್ಲ ಅಂತ ತೀರ್ಮಾನ ಮಾಡಬಾರದು. ಒಂದು ದಿನ ಹೆಸರಿಗೆ ತಿರುಗದ ಮಕ್ಕಳು ಎಷ್ಟೋ ಇರುತ್ತಾರೆ. ಕಿವಿ ಕೇಳದೆಯೂ ಇರಬಹುದು, ಅದಕ್ಕೇ ಮೊದಲು ಕಿವಿಯ ಪರೀಕ್ಷೆ ಮಾಡಿಸಿ ಅನ್ನುತ್ತಾರೆ. ನಾನು ಎಣಿಸಿದ್ದು ಉತ್ತರ ಗೊತ್ತಾದ ಮೇಲೆ. ಆದರೂ ಎಣಿಸಿದೆ. ಆ ಕೋಣೆಯಲ್ಲಿ ನಾವು 30 ಜನ ಇದ್ದೆವು, ಅದರಲ್ಲಿ ನಾನು ಒಬ್ಬಳು ನಲಿಕಲಿ ಟೀಚರ್. ದಿನವೂ ಮಕ್ಕಳ ನಡುವೆಯೇ ಇರುವವಳು. ನನಗೂ ಏನೂ ಕಂಡಿರಲಿಲ್ಲ.

ಈ ಬೆರಳಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮಗು ಎರಡು ಥರ ಬೆರಳು ತೋರಿಸುತ್ತದೆ. ಒಂದು, ಬೇಕು ಅಂತ. ಡಬ್ಬಿ ಮೇಲಿದೆ, ಬಿಸ್ಕತ್ತು ಬೇಕು, ಕೈ ಚಾಚುತ್ತದೆ. ಇನ್ನೊಂದು, ಏನೂ ಬೇಡ, ಸುಮ್ನೆ ನೋಡು ಅಂತ. ಅಗೋ ನಾಯಿ, ಅಗೋ ಬಸ್ಸು. ಅದು ನಿನಗೂ ಕಂಡಿತಾ ಅಂತ ತಿರುಗಿ ನಮ್ಮ ಮುಖ ನೋಡುತ್ತದೆ. ಥೆರಪಿಯವರು ಇದನ್ನು ಜಾಯಿಂಟ್ ಅಟೆನ್ಷನ್ ಅನ್ನುತ್ತಾರೆ. ಇಬ್ಬರೂ ಸೇರಿ ಒಂದನ್ನೇ ನೋಡುವುದು, ಸೇರಿ ನೋಡುತ್ತಿದ್ದೇವೆ ಅಂತ ಇಬ್ಬರಿಗೂ ಗೊತ್ತಿರುವುದು. ಮಾತು ಹುಟ್ಟುವುದೇ ಈ ಜಾಗದಲ್ಲಿ. ನಾಯಿ ಅನ್ನುವ ಪದ ಮಗುವಿಗೆ ಅಂಟಬೇಕಾದರೆ, ನಾವು ಆ ಪದ ಅನ್ನುವ ಹೊತ್ತಿಗೆ ಇಬ್ಬರ ಕಣ್ಣೂ ಅದೇ ನಾಯಿಯ ಮೇಲೆ ಇರಬೇಕಲ್ಲ.

ನಮ್ಮ ಅವ್ವಂದಿರು ಇದನ್ನು ಯಾವ ಪುಸ್ತಕ ಓದದೆ ಮಾಡುತ್ತ ಬಂದಿದ್ದಾರೆ. ಸಂಜೆ ಕಟ್ಟೆಯ ಮೇಲೆ ಕೂತು, ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು “ಚಂದಪ್ಪ ನೋಡು, ಅಲ್ಲಿ ಚಂದಪ್ಪ” ಅಂತ ತುತ್ತು ಇಡುವುದು ಮತ್ತೇನು? ಆಕಾಶದಲ್ಲಿರುವ ಒಂದನ್ನು ಇಬ್ಬರೂ ಸೇರಿ ನೋಡುವ ಪಾಠವೇ ಅದು. ಚಿನ್ನುವಿಗೂ ನಮ್ಮವ್ವ ಚಂದಪ್ಪನನ್ನು ತೋರಿಸಿದ್ದಾಳೆ. ಅವನು ಅವಳ ಬೆರಳ ತುದಿಯನ್ನೇ ನೋಡುತ್ತಿದ್ದ. ಬೇಕಾದದ್ದಕ್ಕೂ ಅವನು ಬೆರಳು ಚಾಚುತ್ತಿರಲಿಲ್ಲ. ತಂಗಿಯ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ, ಅವಳ ಕೈಯನ್ನೇ ಡಬ್ಬಿಯ ಮೇಲೆ ಇಡುತ್ತಿದ್ದ. ಎಷ್ಟು ಜಾಣ ಅಂತ ನಾವು ಅಂದುಕೊಂಡೆವು. ಜಾಣನೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಅದು ಒಂದು ಸುಳಿವೂ ಆಗಿತ್ತು.

1992ರಲ್ಲಿ ಇಂಗ್ಲೆಂಡಿನ ಸೈಮನ್ ಬ್ಯಾರನ್-ಕೋಹೆನ್ ಮತ್ತು ಜೊತೆಯವರು ಒಂದೂವರೆ ವರ್ಷದ ಮಕ್ಕಳಿಗೆಂದೇ ಒಂದು ಚಿಕ್ಕ ಪರೀಕ್ಷೆ ಮಾಡಿದರು. ಅದರಲ್ಲೂ ಮುಖ್ಯವಾದದ್ದು ಬೆರಳು ತೋರಿಸುವುದು ಮತ್ತು ಸುಳ್ಳೆ ಸುಳ್ಳೆ ಆಡುವ ಆಟ, ಖಾಲಿ ಲೋಟದಲ್ಲಿ ಚಹಾ ಕುಡಿಯುವಂಥದ್ದು. ಅದೇ ಮುಂದೆ ಬೆಳೆದು ಎಂ-ಚಾಟ್ ಆಯಿತು. ಈಗ ಬಳಕೆಯಲ್ಲಿರುವುದರಲ್ಲಿ 20 ಪ್ರಶ್ನೆಗಳಿವೆ, 16ರಿಂದ 30 ತಿಂಗಳ ಮಕ್ಕಳಿಗೆ. ಹೌದು, ಇಲ್ಲ ಅಂತ ತಂದೆತಾಯಿ ಉತ್ತರ ಕೊಡುವಂಥದ್ದು. ಉತ್ತರ ನೋಡಿ ಅನುಮಾನ ಬಂದರೆ ಮುಂದಿನ ಪರೀಕ್ಷೆ, ಅಷ್ಟೇ. ಅದನ್ನೇ ರೋಗದ ಚೀಟಿ ಅಂದುಕೊಳ್ಳಬಾರದು.

ನಮಗೆ ಯಾರೂ ಈ ಪ್ರಶ್ನೆ ಕೇಳಲಿಲ್ಲ. ಚಿನ್ನುಗೆ 14 ತಿಂಗಳಾಗುವಷ್ಟರಲ್ಲಿ ಲಾಕ್‌ಡೌನ್ ಬಂತು. ಆಮೇಲೆ ಮಾತು ಬರಲಿಲ್ಲ ಅಂದಾಗೆಲ್ಲ ಒಂದೇ ಸಮಾಧಾನ, “ಲಾಕ್‌ಡೌನ್ ಕೂಸು, ಮಂದಿ ಮುಖ ನೋಡಿಲ್ಲ, ಅದಕ್ಕ ಹಂಗ.” ತಂಗಿಯ ಅತ್ತೆ ಹೇಳುತ್ತಿದ್ದರು, “ನನ್ನ ಮಗನೂ ಮೂರು ವರ್ಷಕ್ಕ ಮಾತಾಡಿದ್ದು. ಗಂಡಹುಡುಗ್ರು ತಡಾನ. ಸುಮ್ನಿರು ನೀನು.” ಒಬ್ಬ ಡಾಕ್ಟರ ಹತ್ತಿರ ಹೋದೆವು. ಮಗುವನ್ನು ತಲೆ ಎತ್ತಿ ನೋಡದೆ “ಇನ್ನೊಂದು ವರ್ಷ ನೋಡೋಣ” ಅಂದರು. ಆ ಒಂದು ವರ್ಷ ನನಗೆ ಇವತ್ತಿಗೂ ಚುಚ್ಚುತ್ತದೆ.

ಅದಕ್ಕಿಂತ ಜಾಸ್ತಿ ಚುಚ್ಚುವುದು ಇನ್ನೊಂದಿದೆ. ಒಂದೂವರೆ ವರ್ಷದ ಹೊತ್ತಿಗೆ ತಂಗಿ ಫೋನ್ ಮಾಡಿ ಅತ್ತಿದ್ದಳು. “ಅಕ್ಕಾ, ಆಂವ ಅಜ್ಜಿ ಅಂತಿದ್ದ. ಟಾಟಾ ಅಂತಿದ್ದ. ಈಗ ಅನ್ನವಲ್ಲ. ನಾ ಸುಳ್ಳ ಹೇಳಾಕತ್ತಿಲ್ಲಕ್ಕ.” ನಾನು ನಂಬಲಿಲ್ಲ. ಬಂದ ಮಾತು ಹೋಗುತ್ತದಾ ಎಲ್ಲಾದರೂ? ಏನೋ ತೊದಲಿದ್ದನ್ನು ಇವಳು ಅಜ್ಜಿ ಅಂತ ಕೇಳಿಸಿಕೊಂಡಿದ್ದಾಳೆ ಅಂದುಕೊಂಡೆ. ಬಾಯಿಬಿಟ್ಟು ಹೇಳಿಯೂಬಿಟ್ಟೆ. ಅವಳು ಆಮೇಲೆ ಆ ವಿಷಯ ನನ್ನ ಹತ್ತಿರ ಎತ್ತಲಿಲ್ಲ.

2005ರಲ್ಲಿ ಎಮಿಲಿ ವರ್ನರ್ ಮತ್ತು ಡಾಸನ್ ಸೇರಿ ಇನ್ನೊಂದು ಅಧ್ಯಯನ ಮಾಡಿದ್ದರು. ನನ್ನಂಥವರಿಗೆಂದೇ ಮಾಡಿದಂತಿದೆ ಅದು. ‘ನಮ್ಮ ಮಗು ಮಾತಾಡುತ್ತಿತ್ತು, ಆಮೇಲೆ ಬಿಟ್ಟಿತು’ ಅಂತ ಹೇಳುವ ತಂದೆತಾಯಿಯರು ಆ ದೇಶದಲ್ಲೂ ಇದ್ದರು. ಅವರ ಮಾತನ್ನು ಅಲ್ಲೂ ಎಷ್ಟೋ ಜನ ನಂಬುತ್ತಿರಲಿಲ್ಲ. ಇವರು ಮತ್ತೆ ಮನೆಯ ವಿಡಿಯೊಗಳನ್ನೇ ತರಿಸಿದರು. ಈ ಸಲ ಮೊದಲ ಹುಟ್ಟುಹಬ್ಬದ್ದೂ ಬೇಕು, ಎರಡನೇ ಹುಟ್ಟುಹಬ್ಬದ್ದೂ ಬೇಕು. ಹಾಗೆ ಹೇಳಿದವರ ಮಕ್ಕಳು ಒಂದನೇ ವರ್ಷದಲ್ಲಿ ಬೇರೆ ಮಕ್ಕಳಂತೆಯೇ ಮಾತಿನ ದನಿ ಮಾಡುತ್ತಿದ್ದರು, ಬೆರಳು ತೋರಿಸುತ್ತಿದ್ದರು. ಎರಡನೇ ವರ್ಷದ ವಿಡಿಯೊದಲ್ಲಿ ಅವು ಕಡಿಮೆಯಾಗಿದ್ದವು. ಅಂದರೆ ಆ ತಂದೆತಾಯಿ ಹೇಳಿದ್ದು ನಿಜ.

ಚಿನ್ನುವಿನದು ಪೂರ್ತಿ ಆ ಥರ ಅಲ್ಲ, ಅವನಲ್ಲಿ ಮೊದಲಿನಿಂದಲೂ ಸುಳಿವುಗಳಿದ್ದವು. ಆದರೆ ಅಜ್ಜಿ ಅಂದಿದ್ದ ಅನ್ನುವುದು? ಹುಟ್ಟುಹಬ್ಬದ ವಿಡಿಯೊದ ಕೊನೆಗೆ, ಎಲ್ಲರೂ ಊಟಕ್ಕೆ ಎದ್ದ ಮೇಲೆ, ಕ್ಯಾಮೆರಾದವನು ಬಂದ್ ಮಾಡುವುದನ್ನು ಮರೆತ ಒಂದು ಅರ್ಧ ನಿಮಿಷ ಇದೆ. ಚಿತ್ರದಲ್ಲಿ ಬರೀ ಖಾಲಿ ಕುರ್ಚಿಗಳು. ಎಲ್ಲೋ ಪಕ್ಕದಿಂದ ಸಣ್ಣ ದನಿ ಬರುತ್ತದೆ. “ಅಜ್ಜೀ.” ಒಂದು ಸಲ ಅಲ್ಲ, ಎರಡು ಸಲ. ನಮ್ಮವ್ವ “ಏನೋ ನನ್ನಪ್ಪಾ” ಅನ್ನುತ್ತಾಳೆ. ಮರುದಿನ ಬೆಳಗ್ಗೆಯೇ ತಂಗಿಯ ಮನೆಗೆ ಹೋದೆ. ಆ ಅರ್ಧ ನಿಮಿಷ ಕೇಳಿಸಿದೆ. ನಾನು ತಪ್ಪು ಮಾಡಿದೆ ಅಂದೆ. ಅವಳು ಕಣ್ಣು ಒರೆಸಿಕೊಂಡು, “ಇನ್ನೊಮ್ಮೆ ಹಾಕು” ಅಂದಳು. ಬೇರೆ ಏನೂ ಅನ್ನಲಿಲ್ಲ.

ತಾಯಂದಿರ ಮಾತು ನಂಬದಿರುವುದು ಈ ವಿಷಯದಲ್ಲಿ ಹಳೆಯ ರೋಗ. 1943ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳನ್ನು ಕೂಲಂಕಷವಾಗಿ ನೋಡಿ ಬರೆದ ಮೇಲೆ ಆಟಿಸಂ ಅನ್ನುವುದು ಒಂದು ಪ್ರತ್ಯೇಕ ಸ್ಥಿತಿ ಅಂತ ಜಗತ್ತಿಗೆ ತಿಳಿಯಿತು. ಅದಕ್ಕೂ ಮೊದಲೇ, 1920ರ ದಶಕದಲ್ಲಿ, ಮಾಸ್ಕೋದ ಗ್ರುನ್ಯಾ ಸುಖರೇವಾ ಅನ್ನುವ ವೈದ್ಯೆ ಇಂಥ ಆರು ಹುಡುಗರ ಬಗ್ಗೆ ಬರೆದಿದ್ದರು, ಬಹಳ ಕಾಲ ಅವರ ಹೆಸರನ್ನು ಯಾರೂ ಎತ್ತಲಿಲ್ಲ. ಕ್ಯಾನರ್ ಅಷ್ಟು ಚೆನ್ನಾಗಿ ನೋಡಿದವರು. ಆದರೂ ಮಕ್ಕಳ ತಂದೆತಾಯಿಯರಲ್ಲಿ ಅಕ್ಕರೆ ಕಡಿಮೆ ಅನ್ನುವ ಮಾತೂ ಅವರ ಬರಹಗಳಲ್ಲಿ ಸೇರಿಕೊಂಡಿತು. ಅದನ್ನೇ ಹಿಡಿದುಕೊಂಡು ‘ಫ್ರಿಜ್‌ನಂಥ ತಾಯಿ’ ಅನ್ನುವ ಮಾತು ಹಬ್ಬಿತು. 1960ರ ದಶಕದಲ್ಲಿ ಬ್ರೂನೋ ಬೆಟಲ್‌ಹೈಮ್ ಅದನ್ನು ಮನೆಮನೆಗೂ ಮುಟ್ಟಿಸಿದರು. ತಾಯಿ ಪ್ರೀತಿ ಕೊಡಲಿಲ್ಲ, ಅದಕ್ಕೇ ಮಗು ಹೀಗೆ ಅಂತ. ಎಷ್ಟು ಹೆಂಗಸರು ಆ ಮಾತು ಹೊತ್ತುಕೊಂಡು ಬದುಕಿದರೋ! ಅದನ್ನು ಎದುರಿಸಿ ನಿಂತವರಲ್ಲಿ ಒಬ್ಬರು ಬರ್ನಾರ್ಡ್ ರಿಮ್‌ಲ್ಯಾಂಡ್. ಅವರ ಮಗನಿಗೇ ಆಟಿಸಂ ಇತ್ತು. ಇದು ಮಿದುಳಿನ ಬೆಳವಣಿಗೆಗೆ ಸೇರಿದ್ದು ಅಂತ 1964ರಲ್ಲೇ ಪುಸ್ತಕ ಬರೆದರು. 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕಲ್ ರಟರ್ 21 ಜೋಡಿ ಅವಳಿ ಮಕ್ಕಳನ್ನು ನೋಡಿ, ಇದರಲ್ಲಿ ವಂಶವಾಹಿಗಳ ಪಾಲು ದೊಡ್ಡದು ಅಂತ ತೋರಿಸಿದರು.

ಅಮೆರಿಕದಲ್ಲಿ ಆ ಮಾತು ಸತ್ತು ಎಷ್ಟೋ ವರ್ಷವಾಯಿತು. ನಮ್ಮ ಕಡೆ ಬೇರೆ ವೇಷದಲ್ಲಿ ಇನ್ನೂ ಓಡಾಡುತ್ತಿದೆ. ಬಸುರಿ ಇದ್ದಾಗ ಗ್ರಹಣ ನೋಡಿದಳು. ಮೊಬೈಲ್ ಕೊಟ್ಟು ಕೆಡಿಸಿದಳು. ತಾನು ಕೆಲಸಕ್ಕೆ ಹೋಗಿ ಕೂಸನ್ನು ಮಂದಿ ಕೈಗೆ ಬಿಟ್ಟಳು. ತಂಗಿ ಈ ಮೂರನ್ನೂ ಕೇಳಿಸಿಕೊಂಡಿದ್ದಾಳೆ. ಮೊಬೈಲ್ ವಿಷಯ ಒಂದು ಮಾತು ಹೇಳುತ್ತೇನೆ. ವರ್ಷದೊಳಗಿನ ಕೂಸಿಗೆ ಪರದೆ ಬೇಡವೇ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ, ಅದು ಸರಿ. ಮುಖ ನೋಡಿ ಆಡುವ ಹೊತ್ತನ್ನು ಫೋನ್ ತಿಂದುಹಾಕುತ್ತದೆ. ಆದರೆ ಫೋನ್ ಇಲ್ಲದ ಕಾಲದಲ್ಲೂ ಆಟಿಸಂ ಇತ್ತಲ್ಲ. ಕ್ಯಾನರ್ ನೋಡಿದ 11 ಮಕ್ಕಳ ಮನೆಯಲ್ಲಿ ಯಾವ ಮೊಬೈಲ್ ಇತ್ತು? ಲಸಿಕೆಯಿಂದ ಬರುತ್ತದೆ ಅನ್ನುವುದೂ ಹಾಗೇ. 1998ರಲ್ಲಿ ಇಂಗ್ಲೆಂಡಿನಲ್ಲಿ 12 ಮಕ್ಕಳನ್ನಿಟ್ಟುಕೊಂಡು ಬರೆದ ಲೇಖನ ಆ ಭಯ ಹುಟ್ಟಿಸಿತು. 2010ರಲ್ಲಿ ಅದನ್ನು ಪ್ರಕಟಿಸಿದ್ದ ಪತ್ರಿಕೆಯೇ ಲೇಖನವನ್ನು ಹಿಂತೆಗೆದುಕೊಂಡಿತು. ಡೆನ್ಮಾರ್ಕಿನಲ್ಲಿ ಆರೂವರೆ ಲಕ್ಷಕ್ಕೂ ಜಾಸ್ತಿ ಮಕ್ಕಳ ದಾಖಲೆ ನೋಡಿ, ದಡಾರದ ಲಸಿಕೆಗೂ ಆಟಿಸಂಗೂ ನಂಟಿಲ್ಲ ಅಂತ 2019ರಲ್ಲಿ ಮತ್ತೊಮ್ಮೆ ತೋರಿಸಿದರು. ದಯವಿಟ್ಟು ಮಕ್ಕಳಿಗೆ ಲಸಿಕೆ ತಪ್ಪಿಸಬೇಡಿ.

ಇನ್ನು, ಗೊತ್ತಾಯಿತು, ಮುಂದೇನು?

ಡಾಸನ್ ಮತ್ತು ಸ್ಯಾಲಿ ರಾಜರ್ಸ್ ಸೇರಿ ಒಂದು ಪದ್ಧತಿ ಬೆಳೆಸಿದರು, ಅರ್ಲಿ ಸ್ಟಾರ್ಟ್ ಡೆನ್ವರ್ ಮಾಡೆಲ್ ಅಂತ. ಪುಟ್ಟ ಮಗುವನ್ನು ಕುರ್ಚಿಯಲ್ಲಿ ಕೂರಿಸಿ ಪಾಠ ಮಾಡುವುದಿಲ್ಲ ಅದರಲ್ಲಿ. ನೆಲದ ಮೇಲೆ ಕೂತು, ಮಗುವಿಗೆ ಇಷ್ಟವಾದ ಆಟವನ್ನೇ ಹಿಡಿದು, ಅದರೊಳಗೇ ಕಣ್ಣು, ಕೈ, ಮಾತು ಕಲಿಸುವುದು. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 18ರಿಂದ 30 ತಿಂಗಳ 48 ಮಕ್ಕಳಿದ್ದರು. ಎರಡು ವರ್ಷ ಈ ಪದ್ಧತಿಯಲ್ಲಿ ಕಲಿತವರ ಬುದ್ಧಿಮಾಪನದ ಅಂಕ ಸರಾಸರಿ 17.6 ಏರಿತು, ಊರಲ್ಲಿ ಸಿಗುವ ಮಾಮೂಲಿ ನೆರವು ಪಡೆದ ಉಳಿದವರದು 7. ಮೊದಲು ಓದಿದಾಗ ನಾನು ಎದ್ದು ಕುಣಿಯುವುದೊಂದು ಬಾಕಿ. ಆಮೇಲೆ ಅದೇ ಪದ್ಧತಿಯ ಮೇಲೆ 2019ರಲ್ಲಿ ಬಂದ ಅಧ್ಯಯನವನ್ನೂ ಓದಿದೆ. ಮೂರು ಕೇಂದ್ರಗಳಲ್ಲಿ 118 ಮಕ್ಕಳು. ಮಾತಿನಲ್ಲಿ ಎರಡು ಕೇಂದ್ರಗಳಲ್ಲಿ ಲಾಭ ಕಂಡಿತು, ಬುದ್ಧಿಮಾಪನದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಎರಡನ್ನೂ ಹೇಳುತ್ತಿದ್ದೇನೆ. ಯಾಕಂದರೆ ‘ಆರು ತಿಂಗಳಲ್ಲಿ ಗುಣ ಮಾಡ್ತೀವಿ’ ಅಂತ ದುಡ್ಡು ಕೀಳುವವರು ನಮ್ಮ ಸುತ್ತ ಬೇಕಾದಷ್ಟಿದ್ದಾರೆ. ಗುಣ ಮಾಡುವಂಥ ರೋಗ ಅಲ್ಲ ಇದು. ಆಸರೆ ಕೊಟ್ಟರೆ ಮಗು ಅರಳುತ್ತದೆ. ಎಷ್ಟು, ಯಾವಾಗ ಅಂತ ಯಾರೂ ಬರೆದುಕೊಡಲಾರರು.

ಆದರೆ ಆ ಪದ್ಧತಿಯಂತೆ ವಾರಕ್ಕೆ 20 ತಾಸು ತರಬೇತಾದವರು ಮನೆಗೆ ಬರುವುದು ಕೊಪ್ಪಳದಲ್ಲಿ ಎಲ್ಲಾಗಬೇಕು? ತಂಗಿ, ಅವಳ ಗಂಡ ಇಬ್ಬರೂ ಮೈಸೂರಿಗೆ ಹೋದರು. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆಯಲ್ಲ, ಮಾನಸಗಂಗೋತ್ರಿಯಲ್ಲಿ, ಅಲ್ಲಿಗೆ. ರಾತ್ರಿಯಿಡೀ ಪ್ರಯಾಣ, ಗೊತ್ತಿಲ್ಲದ ಜಾಗ, ಚಿನ್ನು ಬೋಗಿಯ ದೀಪ ಆರಿಸಿದರೆ ಕಿರುಚುತ್ತಿದ್ದ. ಅಲ್ಲಿ ಮನೆಯಲ್ಲಿ ಮಾಡಬೇಕಾದ್ದನ್ನು ಕಲಿಸಿ ಕಳಿಸಿದರು. ಪ್ರತಿ ತಿಂಗಳು ಹೋಗಿಬರಲು ಸಾಧ್ಯವಿರಲಿಲ್ಲ.

ಆಗ ನನಗೆ ಧೈರ್ಯ ಕೊಟ್ಟದ್ದು ಇನ್ನೊಂದು ಅಧ್ಯಯನ. ಇದು ನಮ್ಮ ಪಕ್ಕದ್ದೇ. ಗೋವಾದಲ್ಲಿ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಒಟ್ಟು 65 ಮಕ್ಕಳ ಜೊತೆ ನಡೆದದ್ದು, 2016ರಲ್ಲಿ ಪ್ರಕಟವಾಯಿತು. ಮೂಲ ಪದ್ಧತಿ ಇಂಗ್ಲೆಂಡಿನ ಜೊನಾಥನ್ ಗ್ರೀನ್ ಮತ್ತು ಜೊತೆಯವರದು. ಗೋವಾದ ಗೌರಿ ದಿವಾನ್ ಮತ್ತಿತರರು ಅದನ್ನು ನಮ್ಮ ಕಡೆಯ ಮನೆಗಳಿಗೆ ಒಗ್ಗಿಸಿದರು. ಡಾಕ್ಟರಲ್ಲ, ಥೆರಪಿಸ್ಟ್ ಅಲ್ಲ, ತರಬೇತಿ ಕೊಟ್ಟ ಸಾಮಾನ್ಯ ಆರೋಗ್ಯ ಕಾರ್ಯಕರ್ತರು ಮನೆಗೆ ಬರುತ್ತಾರೆ. ತಾಯಿ ಮಗು ಆಡುವುದನ್ನು ವಿಡಿಯೊ ಮಾಡುತ್ತಾರೆ. ಆಮೇಲೆ ಇಬ್ಬರೂ ಕೂತು ನೋಡುತ್ತಾರೆ. “ನೋಡಿ, ಇಲ್ಲಿ ನೀವು ಸುಮ್ಮನೆ ಕಾದಿರಿ, ಅವನು ನಿಮ್ಮ ಕಡೆ ತಿರುಗಿದ.” ಹೀಗೆ. ತಾಯಿಯ ತಪ್ಪು ಹುಡುಕುವುದಿಲ್ಲ, ಅವಳು ಸರಿ ಮಾಡಿದ್ದನ್ನು ಹುಡುಕಿ ತೋರಿಸುತ್ತಾರೆ. ಆರು ತಿಂಗಳ ಈ ಕೆಲಸ ಮುಗಿದ ಮೇಲೆ ನೋಡಿದರೆ ತಂದೆತಾಯಿ ಮಗುವಿನ ಜೊತೆ ಹೊಂದಿಕೊಂಡು ಆಡುವುದು ಹೆಚ್ಚಿತು, ಮಗು ತಾನಾಗಿ ಏನಾದರೂ ಹೇಳಲು ಮುಂದಾಗುವುದೂ ಹೆಚ್ಚಿತು.

ಮತ್ತೆ ವಿಡಿಯೊನೇ, ಅಲ್ವಾ? ನಾವು ಅಡುಗೆಮನೆಯ ಶೆಲ್ಫಿನ ಮೇಲೆ ಎಣ್ಣೆಡಬ್ಬಿಗೆ ಫೋನ್ ಒರಗಿಸಿ ಶುರು ಮಾಡಿದೆವು. ತಂಗಿ ರೊಟ್ಟಿ ಬಡಿಯುವಾಗ ಚಿನ್ನು ಬಂದು ಪಕ್ಕ ಕೂರುತ್ತಿದ್ದ, ಅವನಿಗೆ ಆ ಪಟಪಟ ಸದ್ದು ಇಷ್ಟ. ಮೊದಲ ವಿಡಿಯೊದಲ್ಲಿ ತಂಗಿ ಒಂದೇ ಸಮ ಕೇಳುತ್ತಿದ್ದಾಳೆ. ಇದೇನು? ಇದೇನು ಹೇಳು? ರೊಟ್ಟಿ ಅನ್ನು. ಅನ್ನೋ. ಅವನು ಎದ್ದು ಹೋಗುತ್ತಾನೆ. ಹತ್ತು ದಿನದ ನಂತರದ ವಿಡಿಯೊದಲ್ಲಿ ಅವಳು ಏನೂ ಕೇಳುವುದಿಲ್ಲ. ಬಡಿಯುತ್ತಾಳೆ, ನಡುವೆ ತಟ್ಟನೆ ಕೈ ನಿಲ್ಲಿಸುತ್ತಾಳೆ. ಸದ್ದು ನಿಲ್ಲುತ್ತದೆ. ಅವನು ರೊಟ್ಟಿ ನೋಡುತ್ತಾನೆ, ಅವಳ ಕೈ ನೋಡುತ್ತಾನೆ. ಆಮೇಲೆ ಅವಳ ಮುಖ ನೋಡುತ್ತಾನೆ. ಅಷ್ಟಾದ ಕೂಡಲೇ “ಪಟಪಟ!” ಅನ್ನುತ್ತ ಮತ್ತೆ ಬಡಿಯುತ್ತಾಳೆ. ಅವನು ಕಿಲಕಿಲ ನಗುತ್ತಾನೆ. ಆ ದಿನದ ರೊಟ್ಟಿ ನಡುವೆ ಹರಿದು, ಅಂಚು ದಪ್ಪ ಆಗಿತ್ತು. ಎಲ್ಲರೂ ಹಾಗೇ ತಿಂದೆವು.

ಕಿನ್ನಾಳದಿಂದ ಒಂದು ಮರದ ಆನೆ ತಂದುಕೊಟ್ಟಿದ್ದೆ, ಅಂಗೈಯಷ್ಟು ದೊಡ್ಡದು. ಅವನಿಗೆ ಅದನ್ನು ಆನೆಯಾಗಿ ಆಡಿಸಬೇಕೆಂದು ಅನಿಸಲೇ ಇಲ್ಲ. ಬಣ್ಣದ ಅಂಚಿನ ಮೇಲೆ ಉಗುರು ಓಡಿಸುತ್ತ ತಾಸುಗಟ್ಟಲೆ ಕೂರುತ್ತಿದ್ದ. ಮೊದಲು ನಾನು ಕಿತ್ತುಕೊಂಡು “ಹೀಂಗ ಆಡಬೇಕು” ಅಂತ ನಡೆಸಿ ತೋರಿಸುತ್ತಿದ್ದೆ. ಈಗ ನಾನೂ ಪಕ್ಕ ಕೂತು ಇನ್ನೊಂದು ಗೊಂಬೆಯ ಅಂಚಿನ ಮೇಲೆ ಉಗುರು ಓಡಿಸುತ್ತೇನೆ. ನಿಜ ಹೇಳಬೇಕೆಂದರೆ ಆ ನುಣುಪು ಬಹಳ ಹಿತವಾಗಿದೆ. ಡೇಮಿಯನ್ ಮಿಲ್ಟನ್ ಅನ್ನುವ ಇಂಗ್ಲೆಂಡಿನ ವಿದ್ವಾಂಸರು, ಸ್ವತಃ ಆಟಿಸಂ ಇರುವವರು, 2012ರಲ್ಲಿ ಒಂದು ಮಾತು ಹೇಳಿದರು. ಆಟಿಸಂ ಇರುವವರಿಗೆ ನಾವು ಅರ್ಥವಾಗುವುದಿಲ್ಲ ಅಂತ ದೂರುತ್ತೀರಿ, ನಿಮಗೂ ಅವರು ಅರ್ಥವಾಗುವುದಿಲ್ಲವಲ್ಲ, ಕೊರತೆ ಎರಡೂ ಕಡೆಯದು ಅಂತ ಅದರ ಸಾರ. ಬೇಗ ಗುರುತಿಸಬೇಕು ಅಂತ ನಾನು ಹಟ ಹಿಡಿಯುವುದು ಚಿನ್ನುವನ್ನು ಬೇರೆ ಹುಡುಗನನ್ನಾಗಿ ಮಾಡಲಿಕ್ಕಲ್ಲ. ನಾವು ಅವನ ಭಾಷೆ ಕಲಿಯುವುದೂ ಬೇಗ ಶುರುವಾಗಲಿ ಅಂತ.

ಅವನ ಭಾಷೆ ಅಂದೆನಲ್ಲ. ನಾಲ್ಕು ವರ್ಷದ ಹೊತ್ತಿಗೆ ಮಾತು ಬಂತು, ಆದರೆ ಎಲ್ಲಿಂದ ಬಂತು ಅಂತೀರಿ? ರೈಲ್ವೆ ಸ್ಟೇಷನ್ನಿನಿಂದ. “ಪ್ರಯಾಣಿಕರೇ ದಯವಿಟ್ಟು ಗಮನಿಸಿ” ಅನ್ನುವುದನ್ನು ಅದೇ ರಾಗದಲ್ಲಿ ಹೇಳುತ್ತಿದ್ದ. ಅರ್ಥ ಇಲ್ಲದ ಗಿಳಿಪಾಠ ಅಂದರು ಎಷ್ಟೋ ಜನ. ಬ್ಯಾರಿ ಪ್ರಿಜಾಂಟ್ ಮತ್ತು ಜುಡಿತ್ ಡ್ಯೂಕನ್ 1981ರಲ್ಲಿ ನಾಲ್ಕು ಮಕ್ಕಳು ಕೇಳಿದ ಮಾತನ್ನು ಆಗಲೇ ತಿರುಗಿ ಹೇಳುವ ಮರುನುಡಿಗಳನ್ನು ಒಂದೊಂದಾಗಿ ಪರಿಶೀಲಿಸಿ, ಅವುಗಳಲ್ಲಿ ಬಹಳಷ್ಟಕ್ಕೆ ಉದ್ದೇಶವಿದೆ ಅಂತ ತೋರಿಸಿದ್ದರು. ನಾವೂ ಗಮನಿಸಿದೆವು. ಚಿನ್ನು ಅದನ್ನು ಹೇಳುತ್ತಿದ್ದದ್ದು ಹೊರಗೆ ಹೊರಡುವ ಮುಂಚೆ ಮಾತ್ರ, ಚಪ್ಪಲಿಯ ಹತ್ತಿರ ನಿಂತು. ‘ಹೋಗೋಣ’ ಅನ್ನುವುದಕ್ಕೆ ಅವನಲ್ಲಿದ್ದ ಮಾತು ಅದು. ಈಗ ಅವನು ಹಾಗಂದರೆ ತಂಗಿ “ಹೂಂ, ಹೋಗೋಣ ಬಾ” ಅನ್ನುತ್ತಾಳೆ.

ನಮ್ಮ ಜಿಲ್ಲೆಗಳ ತಾಯಂದಿರಿಗೆ, ಅಂಗನವಾಡಿಯ ಅಕ್ಕಂದಿರಿಗೆ ಉಪಯೋಗವಾಗುವ ಎರಡು ಮಾತು ಹೇಳಿಬಿಡುತ್ತೇನೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಗೆ ಆರ್‌ಬಿಎಸ್‌ಕೆ ಅನ್ನುವ ಕಾರ್ಯಕ್ರಮ 2013ರಿಂದ ಇದೆ. ಅದರ ತಂಡ ಅಂಗನವಾಡಿಗೆ, ಶಾಲೆಗೆ ಬಂದಾಗ ತೂಕ ಎತ್ತರದ ಜೊತೆಗೆ, ಹೆಸರಿಗೆ ತಿರುಗುತ್ತಾನಾ, ಬೆರಳು ತೋರಿಸುತ್ತಾನಾ ಅನ್ನುವುದನ್ನೂ ನೀವಾಗಿ ಹೇಳಿ. ಜಿಲ್ಲಾ ಮಟ್ಟದಲ್ಲಿ ಡಿಇಐಸಿ ಕೇಂದ್ರ ಅಂತ ಕೇಳಿ, ಮಕ್ಕಳ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಕೇಂದ್ರ ಅದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಕೂಡ ಸೇರಿದೆ, ಅಂಗವಿಕಲರ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್ ಮಾಡಿಸಲು ನಾಚಿಕೆ ಬೇಡ. ನಮ್ಮ ಮನೆಯಲ್ಲಿ ಆ ಕಾರ್ಡಿಗೆ ಒಂದು ವರ್ಷ ಜಗಳ ಆಯಿತು, ‘ಹಣೆಪಟ್ಟಿ ಯಾಕ’ ಅಂತ. ಕಾರ್ಡ್ ಬಂದ ಮೇಲೆ ಯಾವ ಹಣೆಪಟ್ಟಿಯೂ ಅಂಟಲಿಲ್ಲ. ಶಾಲೆಯಲ್ಲಿ ಮಾತಾಡಲು ನಮಗೊಂದು ಕಾಗದ ಸಿಕ್ಕಿತು.

ಡಾಸನ್ ಅವರ ತಂಡ ಈಗ ಹುಟ್ಟುಹಬ್ಬದ ಕ್ಯಾಸೆಟ್ಟುಗಳನ್ನು ಬಿಟ್ಟು ಮುಂದೆ ಹೋಗಿದೆ. 2023ರಲ್ಲಿ ಪ್ರಕಟವಾದ ಕೆಲಸದಲ್ಲಿ 475 ಪುಟ್ಟ ಮಕ್ಕಳು ಮಾಮೂಲಿ ತಪಾಸಣೆಗೆ ಆಸ್ಪತ್ರೆಗೆ ಬಂದಾಗ ಒಂದು ಟ್ಯಾಬ್ಲೆಟ್ ಮುಂದೆ ಕೂತು ಚಿಕ್ಕ ಚಿತ್ರಗಳನ್ನು ನೋಡಿದರು. ಟ್ಯಾಬ್ಲೆಟ್ಟಿನ ಕ್ಯಾಮೆರಾ ಅವರ ನೋಟವನ್ನು ನೋಡಿತು. ಹೆಸರು ಕರೆದಾಗ ತಿರುಗುತ್ತಾರಾ ಅನ್ನುವುದೂ ಅದರಲ್ಲಿ ಒಂದು. 1994ರಲ್ಲಿ ಜನ ಕೂತು ಎಣಿಸಿದ್ದನ್ನೇ ಯಂತ್ರ ಎಣಿಸುತ್ತಿದೆ. ಅಂಥದ್ದೊಂದು ನಮ್ಮ ಅಂಗನವಾಡಿಗೂ ಬರಲಿ ಅಂತ ಆಸೆ. ಬರುವವರೆಗೆ ನಮ್ಮ ಕಣ್ಣುಗಳೇ ಇವೆ.

ತಂಗಿಯ ಫೋನಿನಲ್ಲಿ ಒಂದು ವಿಡಿಯೊ ಇದೆ, 41 ಸೆಕೆಂಡಿನದು. ಚಿನ್ನುಗೆ ಐದು ತುಂಬಲು ಸ್ವಲ್ಪ ದಿನ ಇತ್ತು. ಭಾಗ್ಯನಗರದ ಕಡೆ ರೈಲು ನೋಡಲು ಕರೆದುಕೊಂಡು ಹೋಗಿದ್ದಳು. ಗೂಡ್ಸ್ ಗಾಡಿ ಬರುತ್ತದೆ. ಮೊದಲು ಅವನ ಬೆನ್ನು ಮಾತ್ರ ಕಾಣುತ್ತದೆ, ಆಚೆ ಡಬ್ಬಿಗಳು ಒಂದೊಂದೇ ಹಾಯುತ್ತವೆ. ಅವನು ಬಾಯಲ್ಲೇ ಎಣಿಸುತ್ತಿದ್ದಾನೆ. ಕೊನೆಯ ಡಬ್ಬಿ ಹೋಗುತ್ತದೆ. ಅವನ ಬಲಗೈ ಎದ್ದು, ತೋರುಬೆರಳು ಚಾಚುತ್ತದೆ. ಆಮೇಲೆ ಅವನು ಪೂರ್ತಿ ಹಿಂದಕ್ಕೆ ತಿರುಗಿ ಫೋನಿನ ಮೇಲಿಂದ ತಂಗಿಯ ಮುಖ ನೋಡುತ್ತಾನೆ. “ಅವ್ವಾ, ಹೋತು.”

ಅಲ್ಲಿಂದ ಮುಂದೆ ಚಿತ್ರ ಇಲ್ಲ. ಬರೀ ನೆಲ, ಒಂದಿಷ್ಟು ಜಲ್ಲಿಕಲ್ಲು, ತಂಗಿಯ ಸೀರೆಯ ಅಂಚು. ಅವಳು ಅಳುತ್ತಿರುವುದು ಕೇಳಿಸುತ್ತದೆ, ಅವನು ಮತ್ತೊಮ್ಮೆ “ಹೋತು” ಅನ್ನುವುದು ಕೇಳಿಸುತ್ತದೆ, ದೂರದಲ್ಲಿ ಗಾಡಿಯ ಸದ್ದು.